ಒಳಗಿನ ಸಾಲು

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಪದ್ಯವಿದೆ. ಮನೆಗೊಂದರಂತೆ, ಮೂರು ಮೂರು ಸಾಲಿನವು. ಮೊದಲ ಎರಡು ಸಾಲನ್ನು ಹೊರಗೆ ನಿಂತವರು ಹೇಳಬೇಕು, ಮೂರನೆಯದನ್ನು ಒಳಗಿದ್ದವರು. ಆಗ ಕದ ತಾನಾಗಿಯೇ ಸರಿಯುತ್ತದೆ. ಮನೆ ಖಾಲಿಯಿದ್ದರೆ ಮೂರನ್ನೂ ಹೊರಗಿನವರೇ ಹೇಳಿಕೊಂಡು ಒಳಗೆ ಹೋಗಬಹುದು. ಆದರೆ ಒಳಗೆ ಪದ್ಯ ಬಲ್ಲ ಒಂದೇ ಒಂದು ಜೀವ ಉಸಿರಾಡುತ್ತಿದ್ದರೂ ಸಾಕು, ಹೊರಗಿನವರು ಮೂರನೆಯ ಸಾಲನ್ನು ನೂರು ಸಲ ಕೂಗಿದರೂ ಬಾಗಿಲು ಮಿಸುಕುವುದಿಲ್ಲ. ಒಳಗಿನ ಸಾಲು ಒಳಗಿನವರದೇ. ಹೊರಗೆ ಹೋಗುವವರೂ ಪದ್ಯ ಹೇಳಿಯೇ ಹೋಗಬೇಕು.

ಇದಕ್ಕೆಲ್ಲ ನಾವು ಒಗ್ಗಿಕೊಂಡವರು. ಹೊಸ ಸೊಸೆ ಹೊಸಿಲ ಮೇಲಿನ ಸೇರಕ್ಕಿಯನ್ನು ಒದೆಯುವ ಮೊದಲು ಅತ್ತೆ ಅವಳ ಕಿವಿಯಲ್ಲಿ ಮೂರು ಸಾಲು ಹೇಳಿಕೊಡುತ್ತಾಳೆ. ಹಲ್ಲು ಕಟ್ಟಿಸಿಕೊಂಡು ಬಂದವರು ಒಂದು ವಾರ ಜಗಲಿಯ ಮೇಲೆ ಕೂತು ಅಭ್ಯಾಸ ಮಾಡುತ್ತಾರೆ. ಜ್ವರದವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವುದಿಲ್ಲ. ಗಂಡಹೆಂಡಿರ ಜಗಳ ಬೀದಿಗೆಲ್ಲ ತಿಳಿಯುವುದು ಬೈಗುಳದಿಂದಲ್ಲ. ಗಂಡ ಎರಡು ಸಾಲು ಹೇಳಿ, ಒಳಗಿನಿಂದ ಮೂರನೆಯದು ಬರದೆ, ಅವನು ಪೆಚ್ಚಾಗಿ ಹೆಗಲ ವಲ್ಲಿ ಸರಿಮಾಡಿಕೊಳ್ಳುವುದರಿಂದ. ಒಳಗೆ ಮನುಷ್ಯರಿದ್ದಾರೆಂದು ಗೊತ್ತಿದ್ದ ಮನೆಯ ಬಾಗಿಲು ಹೊರಗಿನವರ ಮೂರು ಸಾಲಿಗೇ ತೆರೆದುಕೊಂಡಿತೆಂದರೆ ಮಾತ್ರ ಯಾರೂ ನಗುವುದಿಲ್ಲ. ನೆರೆಯವರು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಯಾಕೆಂದು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

ನಾನು ಈ ಊರಿನಲ್ಲಿ ಪದ್ಯ ಕೇಳುತ್ತಲೇ ಬೆಳೆದವಳು. ಕೇಳುಮಂಟಪದಲ್ಲಿ ದಿನಾ ಹತ್ತರಿಂದ ಮಧ್ಯಾಹ್ನದವರೆಗೆ ಗುರುಶಾಂತಯ್ಯನವರು ಕಾವ್ಯ ಓದುತ್ತಾರೆ. ಅವರಿಗೆ ಮೊದಲು ಅವರ ತಂದೆ ಓದುತ್ತಿದ್ದರು. ನಮ್ಮಮ್ಮ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಎಡಗಡೆಯ ಎರಡನೆಯ ಕಂಬದ ಬುಡದಲ್ಲೇ ನಾನು ಈಗಲೂ ಕೂರುವುದು. ಕೈ ಬತ್ತಿ ಹೊಸೆಯುತ್ತಿರುತ್ತದೆ, ಕಿವಿ ಅಲ್ಲಿರುತ್ತದೆ. ಹಾಡುವ ಗಂಟಲನ್ನು ದೇವರು ನನಗೆ ಕೊಡಲಿಲ್ಲ, ತಪ್ಪು ಹಿಡಿಯುವ ಕಿವಿ ಕೊಟ್ಟ. ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ನನ್ನ ಹುಬ್ಬು ತಾನೇ ಮೇಲೇಳುತ್ತದೆ. ಗುರುಶಾಂತಯ್ಯನವರು ನನ್ನ ಹುಬ್ಬು ನೋಡಿಕೊಂಡು ಓದುತ್ತಾರೆಂದು ಊರವರು ಹಾಸ್ಯ ಮಾಡುತ್ತಾರೆ. ಕೇಳುಮಂಟಪಕ್ಕೆ ಒಂದೇ ಒಂದು ಕಟ್ಟಳೆ: ಪದ್ಯದ ನಡುವೆ ಏಳಬಾರದು. ಎದ್ದವರನ್ನು ಅವರ ಮನೆಯ ಬಾಗಿಲು ಮರೆಯುತ್ತದೆ ಎಂದು ನಂಬಿಕೆ. ಮರೆತದ್ದನ್ನು ನಾನು ನೋಡಿಲ್ಲ. ಎದ್ದವರನ್ನೂ ನೋಡಿಲ್ಲ.

ನನ್ನ ತಮ್ಮ ವಾಮನ ಬಡಗಿ. ಬಾಗಿಲು ಮಾಡುವುದೇ ಅವನ ಕೆಲಸ. ಹೊಸ ಬಾಗಿಲು ಕೂರಿಸುವಾಗ ಒಬ್ಬರು ಹೊರಗೆ, ಒಬ್ಬರು ಒಳಗೆ ನಿಂತು ಮೊದಲ ಸಲ ಪದ್ಯ ಹೇಳಬೇಕು. ಹಾಗಾಗಿ ಅವನ ಹೆಂಡತಿ ಶ್ಯಾಮಲೆಯೂ ಅವನ ಜೊತೆ ಹೋಗುತ್ತಾಳೆ. ಅವರಿಗೆ ಒಬ್ಬಳೇ ಮಗಳು, ಹರಿಣಿ. ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಇದ್ದಕ್ಕಿದ್ದಂತೆ ಸೊರಗತೊಡಗಿದಳು. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಬಚ್ಚಲಿನಲ್ಲಿ ಅವಳು ಕೂತೆದ್ದ ಜಾಗಕ್ಕೆ ಇರುವೆ ಸಾಲುಗಟ್ಟುವುದನ್ನು ಮೊದಲು ನೋಡಿದವಳು ನಾನೇ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಆಸ್ಪತ್ರೆಯಲ್ಲಿ ಡಾಕ್ಟರ್ ಫರ್ಹಾನಾ ಎಂಬವರು, "ಇದು ಟೈಪ್ ಒನ್ ಸಕ್ಕರೆ ಕಾಯಿಲೆ. ಅವಳು ಸಿಹಿ ತಿಂದದ್ದರಿಂದ ಬಂದದ್ದಲ್ಲ, ನಿಮ್ಮ ತಪ್ಪೂ ಅಲ್ಲ. ಅವಳ ಮೈ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಟ್ಟಿದೆ. ಇನ್ನು ನಾವು ಹೊರಗಿನಿಂದ ಕೊಡಬೇಕು, ದಿನಕ್ಕೆ ನಾಲ್ಕು ಸಲ, ಬದುಕಿರುವ ತನಕ," ಎಂದರು. ಶ್ಯಾಮಲೆ ಅತ್ತಳು. ವಾಮನ ಆಸ್ಪತ್ರೆಯ ಬಾಗಿಲನ್ನೇ ನೋಡುತ್ತ ಕೂತಿದ್ದ. ಪದ್ಯವಿಲ್ಲದೆ ಎಲ್ಲರಿಗೂ ತೆರೆದುಕೊಳ್ಳುವ ಬಾಗಿಲು ಅದು.

ಆಮೇಲಿನ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಮಾತೆಲ್ಲ ಅಂಕಿಯಲ್ಲೇ. ಬೆರಳು ಚುಚ್ಚಿ, ರಕ್ತದ ತೊಟ್ಟನ್ನು ಪಟ್ಟಿಗೆ ತಾಗಿಸಿದರೆ ಪುಟ್ಟ ಮೀಟರು ಅಂಕಿ ತೋರಿಸುತ್ತದೆ. ನೂರರ ಆಸುಪಾಸು ಇದ್ದರೆ ಒಳ್ಳೆಯದು. ಇನ್ನೂರು ಮುನ್ನೂರಕ್ಕೆ ಏರಿದರೆ ಕೆಟ್ಟದ್ದು, ಆದರೆ ಆ ಕೆಡುಕು ನಿಧಾನದ್ದು, ಕಣ್ಣಿಗೆ ಕಾಣದ್ದು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅವಳು ಬೆವರುತ್ತಾಳೆ, ಕೈ ನಡುಗುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ. ಮಾತು ತೊದಲಿದರೆ, ನಮ್ಮೂರಿನಲ್ಲಿ, ಬಾಗಿಲು ತೆರೆಯುವುದಿಲ್ಲ.

ಆ ಭಯಕ್ಕೆ ವಾಮನ, ಶ್ಯಾಮಲೆ ಒಂದು ಉಪಾಯ ಕಂಡುಕೊಂಡಿದ್ದರು. ಡಾಕ್ಟರು ಎಂಟು ಯೂನಿಟ್ ಅಂದರೆ ಇವರು ಐದು ಚುಚ್ಚುತ್ತಿದ್ದರು. "ಇನ್ನೂರೈವತ್ತು ಇದ್ದರೆ ಇರಲಿ ಬಿಡಿ ಅತ್ತಿಗೆ, ನಾಲಿಗೆ ನೆಟ್ಟಗಿದ್ದರೆ ಸಾಕು," ಅನ್ನುತ್ತಿದ್ದಳು ಶ್ಯಾಮಲೆ. ಜೊತೆಗೆ ಬೆಲ್ಲ, ಸಕ್ಕರೆ ಡಬ್ಬಿಗಳು ಅಟ್ಟದ ಮೇಲೆ ಹೋದವು, ಮಗಳು ಕದ್ದು ತಿಂದಾಳೆಂದು. ಕಡಿಮೆ ಔಷಧಿ, ಕೈಗೆ ಸಿಗದ ಸಕ್ಕರೆ. ಒಂದಕ್ಕೊಂದು ತಾಳಮೇಳವಿಲ್ಲದ ಈ ಎರಡು ಭಯಗಳ ನಡುವೆ ಹುಡುಗಿ ಬೆಳೆಯುತ್ತಿದ್ದಳು.

ಕಳೆದ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಹನ್ನೊಂದು ಬಂದಿತ್ತು. ಏಳು ಇರಬೇಕಾದ್ದು. ಡಾಕ್ಟರು ವಾಮನನ ಕಡೆ ನೋಡಲಿಲ್ಲ, ನೇರ ಹರಿಣಿಗೇ ಹೇಳಿದರು: "ನೋಡು ಪುಟ್ಟಿ, ಹೀಗೇ ಇದ್ದರೆ ಇಪ್ಪತ್ತೈದಕ್ಕೆಲ್ಲ ನಿನ್ನ ಕಣ್ಣು, ಕಿಡ್ನಿ ಎರಡೂ ನನ್ನ ಹತ್ತಿರ ದೂರು ಹೇಳುತ್ತವೆ. ನಿನ್ನ ಸಕ್ಕರೆ ನಿನ್ನ ಕೈಯಲ್ಲಿದೆ. ಅಪ್ಪ ಅಮ್ಮನ ಭಯದ ಕೈಗೆ ಕೊಡಬೇಡ."

ಮನೆ ತಲುಪಿದ ಮೇಲೆ ಹರಿಣಿ ಹೇಳಿದಳು: "ಇನ್ನು ಮೇಲೆ ನಾನೇ ಚುಚ್ಚಿಕೊಳ್ತೀನಿ. ಎಷ್ಟು ಹೇಳಿದಾರೋ ಅಷ್ಟೇ."

"ಬಾಗಿಲು?" ಎಂದ ವಾಮನ.

"ಬಾಗಿಲಿಗೆ ನನ್ನ ಕಣ್ಣು ಕೊಡೋಕಾಗಲ್ಲ ಅಪ್ಪ."

ಹದಿನೈದು ವರ್ಷದ ಹುಡುಗಿಯ ಮಾತು ಅದು. ಆಮೇಲೆ ಅವಳು ಲೆಕ್ಕ ಹಾಕತೊಡಗಿದಳು. ಒಂದು ಮುದ್ದೆಗೆ ಇಷ್ಟು, ಒಂದು ಸೌಟು ಅನ್ನಕ್ಕೆ ಇಷ್ಟು, ಖೋ ಖೋ ಆಡಿದ ದಿನ ಇಷ್ಟು ಕಡಿಮೆ. ಮೂರು ವಾರದಲ್ಲಿ ಅಂಕಿ ಇನ್ನೂರೈವತ್ತರಿಂದ ನೂರ ನಲವತ್ತಕ್ಕೆ ಬಂತು. ಮುಖಕ್ಕೆ ಕಳೆ ಬಂತು. ಇದಕ್ಕೆಲ್ಲ ಅವಳು ನಮ್ಮಿಂದ ಕೇಳಿದ್ದು ಒಂದೇ: ಚುಚ್ಚಿಕೊಂಡ ಹದಿನೈದು ನಿಮಿಷಕ್ಕೆ ಊಟ ಸಿಗಬೇಕು. ತಡವಾಗಬಾರದು.

ಆ ಶನಿವಾರ ವಾಮನ, ಶ್ಯಾಮಲೆ ಪಕ್ಕದೂರಿಗೆ ಬಾಗಿಲು ಕೂರಿಸಲು ಹೊರಟರು. ಹರಿಣಿಗೆ ಬೆಳಗಿನ ಶಾಲೆ, ಜೊತೆಗೆ ಖೋ ಖೋ. ಮಧ್ಯಾಹ್ನದ ಊಟ ನನ್ನದು ಎಂದು ಮಾತಾಯಿತು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ನಾನೊಬ್ಬಳೇ ಇರುವ ನನ್ನ ಮನೆಗೆ ಬಂದವಳು ಕೀಟಲೆ ತೆಗೆದಳು.

"ಅತ್ತೆ, ನಿಮ್ಮ ರಾಣಿ ಹೊಳೆ ದಡದಲ್ಲಿ ನಿಂತು ಎಷ್ಟು ದಿನ ಆಯ್ತು? ದೋಣಿ ಇನ್ನೂ ಬರಲಿಲ್ವಾ? ನಮ್ಮೂರ ಬಸ್ಸೇ ವಾಸಿ."

ಗುರುಶಾಂತಯ್ಯನವರು ಆಗ ಓದುತ್ತಿದ್ದುದು ರಾಣಿ ತನ್ನ ಗಂಡನ ದೋಣಿಗಾಗಿ ಕಾಯುವ ಸಂಧಿ. ನನ್ನ ಬದುಕಿನಲ್ಲಿ ಆ ಸಂಧಿ ಓದಿದ್ದು ಅದು ಎರಡನೆಯ ಸಲ. ಮೊದಲ ಸಲ ನಾನು ಮಡಿಲ ಕೂಸು.

"ಪದ್ಯದ ಜೊತೆ ಆಟ ಆಡಬಾರದು ಕಣೇ," ಎಂದು ಜಡೆ ಸ್ವಲ್ಪ ಬಿಗಿಯಾಗಿಯೇ ಎಳೆದೆ.

"ಅಯ್ಯೋ! ಸರಿ ಸರಿ, ರಾಣಿ ನಿಲ್ಲಲಿ. ನೀವು ಮಾತ್ರ ಹನ್ನೆರಡಕ್ಕೆ ಬಂದುಬಿಡಿ. ಹನ್ನೊಂದು ಮುಕ್ಕಾಲಿಗೆ ಚುಚ್ಕೋತೀನಿ."

"ಬರ್ತೀನಿ ಹೋಗು."

ಮುದ್ದೆ, ಸೊಪ್ಪಿನ ಸಾರು ಮಾಡಿ ಕ್ಯಾರಿಯರಿಗೆ ಹಾಕಿಕೊಂಡು, ಅಲ್ಲಿಂದ ನೇರ ಹೋದರಾಯಿತೆಂದು ಅದನ್ನು ಹಿಡಿದುಕೊಂಡೇ ಕೇಳುಮಂಟಪಕ್ಕೆ ಹೋದೆ. ತೊಡೆಗೆ ಒತ್ತಿ ಇಟ್ಟುಕೊಂಡೆ. ಅದರ ಬಿಸಿ ಸೀರೆಯೊಳಗಿಂದ ತಾಗುತ್ತಿತ್ತು. ಅಂದು ಗುರುಶಾಂತಯ್ಯನವರಿಗೆ ಏನಾಗಿತ್ತೋ, ಗಂಟಲು ತಾನಾಗಿ ಹರಿಯುತ್ತಿತ್ತು. ರಾಣಿ ಹೊಳೆಯ ಜೊತೆ ಮಾತಾಡುತ್ತಾಳೆ, ಕಲ್ಲಿನ ಜೊತೆ ಮಾತಾಡುತ್ತಾಳೆ, ಕೊನೆಗೆ ತನ್ನ ನೆರಳಿನ ಜೊತೆ. ಒಂದು ಪದ್ಯ ಮುಗಿಯುವ ಮೊದಲೇ ಅದರ ಬಾಲ ಹಿಡಿದು ಇನ್ನೊಂದು ಹೊರಡುತ್ತಿತ್ತು. ನಡುವೆ ಉಸಿರು ಬಿಡುವಷ್ಟೂ ಸಂದು ಇರಲಿಲ್ಲ. ಗಡಿಯಾರ ನನ್ನ ಎದುರಿಗೇ ಇತ್ತು. ಹನ್ನೆರಡಕ್ಕೆ ಐದಿದೆ ಎಂದುಕೊಂಡೆ. ಇದೊಂದು ಮುಗಿಯಲಿ ಎಂದುಕೊಂಡೆ. ಎದ್ದರೆ ಬಾಗಿಲು ಮರೆಯುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಏಳಲು ಮನಸ್ಸೇ ಇರಲಿಲ್ಲ. ಯಾವುದೋ ಹೊತ್ತಿನಲ್ಲಿ ಕ್ಯಾರಿಯರಿನ ಬಿಸಿ ತಾಗುವುದು ನಿಂತಿತ್ತು. ಅದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಕೂತಿದ್ದೆ.

ಮಂಗಳ ಹಾಡುವಾಗ ಹನ್ನೆರಡು ನಲವತ್ತು.

ವಾಮನನ ಮನೆ ಮಂಟಪದಿಂದ ಎರಡು ಬೀದಿ. ಓಡಿದೆನೆಂದು ಹೇಳಿದರೆ ಸುಳ್ಳಾದೀತು, ಬೇಗ ಬೇಗ ನಡೆದೆ. ಅದು ಒಂದಕ್ಕೊಂದು ಅಂಟಿದ ಮಾಳಿಗೆ ಮನೆಗಳ ಸಾಲು. ದಪ್ಪ ತೊಲೆಗಳನ್ನು ಒತ್ತಾಗಿ ಹೊದಿಸಿದ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕು ಬರಲು ಮೇಲೆ ಬಿಂದಿಗೆ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ. ಬೀದಿಗೆ ಕಿಟಕಿಗಳಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಕೆಂಚಪ್ಪ ಎಂದಿನಂತೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಮಾಳಿಗೆಗಳಿಗೆ ಮಣ್ಣು ಮೆತ್ತುವ ಕೆಲಸ ಅವನದು. ಸಂಜೆ ಕುಡಿದು ಬಂದರೆ ನಾಲಿಗೆ ಪದ್ಯಕ್ಕೆ ಹೊರಳುವುದಿಲ್ಲ, ಹೊರಳಿದರೂ ಹೆಂಡತಿ ಹೊನ್ನಮ್ಮ ಒಳಗಿನ ಸಾಲು ಕೊಡುವುದಿಲ್ಲ. ವರ್ಷದ ಅರ್ಧ ಅವನ ಸಂಸಾರ ಜಗಲಿಯ ಮೇಲೆಯೇ.

"ಮೀನಾಕ್ಷಕ್ಕ, ಇವತ್ತು ರಾಣಿ ಬಹಳ ಹೊತ್ತು ಅತ್ತಳಾ?" ಎಂದ.

ನಾನು ಬಾಗಿಲಿಗೆ ನಿಂತು ನಮ್ಮ ಮನೆತನದ ಸಾಲು ಹೇಳಿದೆ:

"ಬಿಸಿಲ ದಾರಿಯ ನಡೆದು ಬಂದೆನು
ಹಸಿದ ಜೀವಕೆ ನೆರಳ ನೀಡೈ"

ಒಳಗಿನಿಂದ ಬರಬೇಕಾದದ್ದು, "ಹೊಸಿಲ ದಾಟೈ ಉಸಿರ ದೀಪವನಿಟ್ಟು ಕಾದಿಹೆ ನಾ." ಬರಲಿಲ್ಲ. ಮತ್ತೆ ಹೇಳಿದೆ. ಬಹಳ ಹೊತ್ತಿನ ಮೇಲೆ ಒಳಗೆ ಒಂದು ನಗು ಕೇಳಿಸಿತು. ಆಮೇಲೆ ಹರಿಣಿಯ ದನಿ: "ಹೊಸಿಲ... ಹೊಸಿಲ... ದೀಪ ದಾಟಿ... ರಾಣಿ..." ಮತ್ತೆ ನಗು.

ನನಗೆ ಸಿಟ್ಟು ಬಂತು. ತಡವಾಗಿ ಬಂದವರ ಸಿಟ್ಟು ಅದು, ತಪ್ಪನ್ನು ಎದುರಿನವರ ತಲೆಗೆ ಕಟ್ಟಲು ಹವಣಿಸುವುದು. ತಡಮಾಡಿದ್ದಕ್ಕೆ ಸೇಡಿಗೆ ಅಣಕಿಸುತ್ತಿದ್ದಾಳೆ ಎಂದುಕೊಂಡೆ.

"ಹರಿಣಿ, ಪದ್ಯದ ಜೊತೆ ಆಟ ಬೇಡ ಅಂತ ಬೆಳಿಗ್ಗೆಯೇ ಹೇಳಿದೆ. ಮೊದಲಿಂದ ಹೇಳು."

"ಉಸಿ... ಉಸಿಲ..."

"ಉಸಿರ. ಸರಿಯಾಗಿ ಹೇಳು. ಇನ್ನೊಂದು ಸಲ."

ಹೀಗೆ ಮೂರು ಸಲ ಹೇಳಿಸಿದೆ. ಐವತ್ತೆರಡು ವರ್ಷ ಕೇಳಿ ಕೇಳಿ ಪಳಗಿದ ಕಿವಿ ನನ್ನದು. ಅದು ಹಿಡಿದದ್ದು ತಪ್ಪನ್ನು ಮಾತ್ರ.

ಕೆಂಚಪ್ಪ ಜಗಲಿಯಿಂದ ಇಳಿದು ಬಂದು ಬಾಗಿಲಿಗೆ ಕಿವಿ ಇಟ್ಟ. ಅವನ ಮುಖದ ಮೇಲಿನ ಪೋಲಿ ನಗು ಹೋಯಿತು.

"ಅಕ್ಕ, ಇದು ಸೊಕ್ಕಲ್ಲ. ನಾಲಿಗೆ ದಪ್ಪ ಆದವರ ದನಿ ನನಗೆ ಗೊತ್ತಾಗಲ್ವಾ? ನಾನು ಕುಡಿದಾಗ ಹಿಂಗೇ ಇರೋದು. ಹುಡುಗಿ ಕುಡಿಯೋಳಲ್ಲ. ಮತ್ತೆ ಏನಿದು?"

ಕ್ಯಾರಿಯರು ಕೈಯಿಂದ ಜಾರಿತು. ಹನ್ನೊಂದು ಮುಕ್ಕಾಲಿಗೆ ಚುಚ್ಚಿಕೊಂಡಿದ್ದಾಳೆ. ಬೆಳಿಗ್ಗೆ ಖೋ ಖೋ ಆಡಿದ್ದಾಳೆ. ಈಗ ಒಂದಕ್ಕೆ ಹತ್ತು ನಿಮಿಷ ಇದೆ. ಬೆಲ್ಲ ಅಟ್ಟದ ಮೇಲಿದೆ.

"ಸಕ್ಕರೆ ಇಳಿದಿದೆ ಕೆಂಚಪ್ಪ. ಈಗಲೇ ಸಿಹಿ ಬೀಳಬೇಕು ಬಾಯಿಗೆ. ಇಲ್ಲದಿದ್ದರೆ..."

"ಬೆಳಕಿಂಡಿ!" ಎಂದ ಅವನು. ಮಾಳಿಗೆಗೆ ಹತ್ತುವ ಮೆಟ್ಟಿಲು ಇರುವುದು ಅವನ ಮನೆಯ ಒಳಗೆ. ಅವನು ತನ್ನ ಬಾಗಿಲಿಗೆ ಓಡಿಹೋಗಿ, ಎರಡು ಕೈಯನ್ನೂ ಕದಕ್ಕೆ ಊರಿ, ಒಂದೊಂದೇ ಅಕ್ಷರವನ್ನು ಮೊಳೆ ಹೊಡೆದ ಹಾಗೆ ತನ್ನ ಮನೆಯ ಎರಡು ಸಾಲು ಹೇಳಿದ. ಆ ಬೀದಿಯವರು ಅವನ ಬಾಯಲ್ಲಿ ಅಷ್ಟು ಶುದ್ಧವಾಗಿ ಅದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು.

"ಏನು ಹಗಲು ಹೊತ್ತಲ್ಲಿ ಇಷ್ಟು ಚೆಂದ ಹೇಳ್ತೀಯಾ?" ಎಂದಳು ಹೊನ್ನಮ್ಮ ಒಳಗಿಂದ.

"ಹೊನ್ನೀ, ಆಮೇಲೆ ಬಯ್ಯಿ. ಪಕ್ಕದ ಮಗು ಸಾಯ್ತಾ ಇದೆ."

ಅವಳು ಸಾಲು ಹೇಳಿದಳು. ಬಾಗಿಲು ತೆರೆಯಿತು. ಅವನು ಒಳಗೆ ನುಗ್ಗುತ್ತಲೇ "ಬೆಲ್ಲ, ಬೆಲ್ಲ" ಎಂದು ಕೂಗುವುದು ಕೇಳಿಸಿತು.

ನಾನು ವಾಮನನ ಬಾಗಿಲಿಗೆ ಬಾಯಿ ಹಚ್ಚಿ ಕೂತೆ. "ಹರಿಣಿ, ಮಗಳೇ, ಪದ್ಯ ಬೇಡ ಬಿಡು. ಮಲಗಬೇಡ. ನಾನು ಕಥೆ ಹೇಳ್ತೀನಿ, ನೀನು ಹ್ಞೂಂ ಅನ್ನು. ಅಷ್ಟೇ ಸಾಕು. ರಾಣಿ ದಡದಲ್ಲಿ ನಿಂತಿದ್ದಾಳೆ. ಹ್ಞೂಂ ಅನ್ನು."

"...ಹ್ಞೂಂ."

"ಹೊಳೆ ತುಂಬಿ ಹರೀತಿದೆ."

"ಹ್ಞೂಂ."

ನನ್ನ ಜೀವಮಾನದಲ್ಲಿ ನಾನು ಯಾರಿಗೂ ಕಥೆ ಹೇಳಿದವಳಲ್ಲ. ಹ್ಞೂಂಗುಟ್ಟುವ ಕಡೆಯವಳು ನಾನು. ಅಂದು ಬಾಗಿಲಿನ ಆಚೆಯಿಂದ ಒಂದೊಂದು ಹ್ಞೂಂ ಬಂದಾಗಲೂ ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವ ಹಾಗಾಗುತ್ತಿತ್ತು. ಮಂಟಪದಲ್ಲಿ ಕೂತು ನಾನು ಕೊಟ್ಟ ಸಾವಿರಾರು ಹ್ಞೂಂಗಳಲ್ಲಿ ಒಂದಕ್ಕೂ ಇಷ್ಟು ತೂಕ ಇದ್ದಿರಲಾರದು.

ಮಾಳಿಗೆಯ ಮೇಲೆ ಧಪಧಪ ಸದ್ದಾಯಿತು. ಬೆಳಕಿಂಡಿಗೆ ಮುಖ ಇಟ್ಟ ಕೆಂಚಪ್ಪ ಕೂಗಿ ಹೇಳಿದ: "ಕಾಣಿಸ್ತಾಳೆ ಅಕ್ಕ! ನಡುಮನೆಯಲ್ಲಿ ಬಿದ್ದಿದಾಳೆ. ಮೈಯೆಲ್ಲ ನೀರು. ಕಣ್ಣು ಅರ್ಧ ತೆಗೆದಿದಾಳೆ. ಏ ತಾಯಿ, ಬೆಲ್ಲ ಹಾಕ್ತೀನಿ, ತಗೋ!"

"ಚಿಕ್ಕ ಚೂರು ಮಾಡಿ ಹಾಕು!"

"ಹಾಕಿದೆ. ಅಯ್ಯೋ, ಮಂಚದ ಕೆಳಗೆ ಹೋಯ್ತು... ಇದು ಹಣೆಗೆ ಬಡೀತು. ತಾಯಿ, ಬೈಬೇಡ ಕಣಮ್ಮ... ಇದು ಕೈಯ ಹತ್ತಿರ ಇದೆ. ಹೇಳಕ್ಕ ಅವಳಿಗೆ, ಬಲಗೈ ಹತ್ತಿರ!"

"ಹರಿಣಿ, ರಾಣಿಯ ಬಲಗೈ ಹತ್ತಿರ ಒಂದು ಬೆಲ್ಲದ ಚೂರು ಇದೆ. ರಾಣಿ ಅದನ್ನ ತಗೋತಾಳೆ. ಬಾಯಿಗೆ ಹಾಕ್ಕೋತಾಳೆ. ಹ್ಞೂಂ ಅನ್ನು."

ಏನೂ ಬರಲಿಲ್ಲ.

"ಹರಿಣಿ, ರಾಣಿ ಬೆಲ್ಲ ತಗೊಂಡಳು. ಹ್ಞೂಂ ಅನ್ನು."

ಇಲ್ಲ.

"ಕೆಂಚಪ್ಪ, ಕೈ ಆಡ್ತಿದೆಯಾ?"

"ಆ ಕಡೆಗೆ ಹೊರಳಿಬಿಟ್ಟಳು ಅಕ್ಕ. ಬೆನ್ನು ಮಾತ್ರ ಕಾಣುತ್ತೆ. ಉಸಿರು... ನನಗೆ ಗೊತ್ತಾಗ್ತಿಲ್ಲ. ನೆರಳಿದೆ."

ಬೀದಿಯಲ್ಲಿ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಹೊನ್ನಮ್ಮ ನನ್ನ ಪಕ್ಕ ಬಂದು ಕೂತಳು. ಅವಳ ಕೈಗೆ ಬೆಲ್ಲ ಅಂಟಿತ್ತು. ಬಹಳ ಮೆಲ್ಲಗೆ, ನನ್ನ ಮುಖ ನೋಡದೆ ಹೇಳಿದಳು: "ಅಕ್ಕ, ಮೂರೂ ಸಾಲು ಹೇಳಿ ನೋಡಿ."

ಅವಳು ಏನು ಹೇಳುತ್ತಿದ್ದಾಳೆಂದು ನನಗೂ ಗೊತ್ತು, ಸೇರಿದವರಿಗೂ ಗೊತ್ತು. ಜನರಲ್ಲಿ ಯಾರೋ ಒಬ್ಬರು ಆಗಲೇ ಚಪ್ಪಲಿಯಿಂದ ಕಾಲು ಹೊರಗೆ ತೆಗೆಯುತ್ತಿದ್ದರು. ನಾನು ಆ ಕಾಲನ್ನೇ ನೋಡಿದೆ. ಹೇಳಲಾರೆ ಅನ್ನಿಸಿತು. ಹೇಳದೆ ಇರಲೂ ಆಗಲಿಲ್ಲ. ಬಾಗಿಲಿನ ಮೇಲೆ ಅಂಗೈ ಇಟ್ಟೆ. ವಾಮನ ತನ್ನ ಮದುವೆಯ ವರ್ಷ ಮಾಡಿದ ಕದ, ತೇಗದ್ದು. ದೇವರೇ, ಇದು ತೆರೆಯದಿರಲಿ. ಐವತ್ತೆರಡು ವರ್ಷದಲ್ಲಿ ನಾನು ನಿನ್ನನ್ನು ಏನೂ ಕೇಳಿಲ್ಲ, ಬರೀ ನಿನ್ನ ಕಥೆ ಕೇಳಿದ್ದೇನೆ. ತೆರೆಯದಿರಲಿ.

"ಬಿಸಿಲ ದಾರಿಯ ನಡೆದು ಬಂದೆನು. ಹಸಿದ ಜೀವಕೆ ನೆರಳ ನೀಡೈ." ಮೂರನೆಯದನ್ನು, ನನ್ನದಲ್ಲದ ಸಾಲನ್ನು, ಕಣ್ಣು ಮುಚ್ಚಿಕೊಂಡು ಹೇಳಿದೆ. "ಹೊಸಿಲ ದಾಟೈ, ಉಸಿರ ದೀಪವನಿಟ್ಟು ಕಾದಿಹೆ ನಾ."

ಬಾಗಿಲು ತೆರೆಯಲಿಲ್ಲ.

ಅಂಗೈ ಕೆಳಗೆ ಕದ ಬಂಡೆಯ ಹಾಗೆ ನಿಂತಿತ್ತು. ತಳ್ಳಿದೆ, ಮಿಸುಕಲಿಲ್ಲ. ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ ನಾನು ಅತ್ತೆ. ಹೊನ್ನಮ್ಮ "ಇದ್ದಾಳೆ! ಇದ್ದಾಳೆ!" ಎಂದು ಬೀದಿಗೆಲ್ಲ ಕೂಗಿದಳು. ಚಪ್ಪಲಿ ಬಿಡುತ್ತಿದ್ದ ಕಾಲು ಮತ್ತೆ ಒಳಗೆ ಹೋಯಿತು.

"ಕೆಂಚಪ್ಪ, ಬೆಲ್ಲದ ನೀರು ಸುರಿ!" ಎಂದೆ. "ಬಾಯಿಗಲ್ಲ, ಉಸಿರಿಗೆ ಸಿಕ್ಕೀತು. ಕೈಗೆ, ಕೆನ್ನೆಗೆ ಬೀಳೋ ಹಾಗೆ. ತಣ್ಣಗೆ ತಾಗಲಿ."

ಹೊನ್ನಮ್ಮ ಓಡಿ ಹೋಗಿ ಚೊಂಬಿನಲ್ಲಿ ಬೆಲ್ಲ ಕರಗಿಸಿ ಮೇಲೆ ಕೊಟ್ಟಳು. ನೀರು ನೆಲಕ್ಕೆ ಬೀಳುವ ಸದ್ದು ಬಾಗಿಲಿನವರೆಗೂ ಬಂತು. ನಾನು ಕಥೆ ನಿಲ್ಲಿಸಲಿಲ್ಲ. ರಾಣಿಯ ಕೆನ್ನೆಗೆ ಮಳೆ ಹನಿ ಬಿತ್ತು ಎಂದೆ. ರಾಣಿ ನಾಲಿಗೆ ಚಾಚಿದಳು ಎಂದೆ. ಅದು ಸಿಹಿಯಾಗಿತ್ತು ಎಂದೆ. ಇದ್ದ ಪದ್ಯ ಬಿಟ್ಟು ನಾನೇ ಕಟ್ಟಿ ಹೇಳುತ್ತಿದ್ದೆ. ಮಂಟಪದಲ್ಲಿ ಹೀಗೆ ಯಾರಾದರೂ ಹೇಳಿದ್ದರೆ ನನ್ನ ಹುಬ್ಬು ನೆತ್ತಿಗೇರುತ್ತಿತ್ತು.

"ಕೆನ್ನೆ ಒರೆಸಿಕೊಂಡಳು!" ಎಂದ ಕೆಂಚಪ್ಪ. ಆಮೇಲೆ, "ಕೈ ನೆಕ್ಕಿದಳು ಅಕ್ಕ! ಬೆರಳು ಬಾಯಲ್ಲಿದೆ!" ಆಮೇಲೆ ಬಹಳ ಹೊತ್ತಿನ ಮೇಲೆ, "ಚೂರು ಹುಡುಕ್ತಾ ಇದಾಳೆ. ಆ, ಅಲ್ಲೇ, ಇನ್ನೂ ಸ್ವಲ್ಪ ಮುಂದೆ ಕಣಮ್ಮ... ಸಿಕ್ತು!"

ಬೆಲ್ಲ ಬಾಯಿಗೆ ಬಿದ್ದ ಮೇಲೂ ಹದಿನೈದು ನಿಮಿಷ ಬೇಕೆಂದು ಡಾಕ್ಟರು ಹೇಳಿದ್ದರು. ಆ ಹದಿನೈದು ನಿಮಿಷ ನಾನು ಏನೇನು ಹೇಳಿದೆನೋ. ರಾಣಿ ಮುದ್ದೆ ಉಂಡಳು, ರಾಣಿ ಖೋ ಖೋ ಆಡಿದಳು, ರಾಣಿಯ ಅತ್ತೆ ಒಬ್ಬಳಿದ್ದಳು, ಅವಳಿಗೆ ಬುದ್ಧಿ ಇರಲಿಲ್ಲ.

"ಹ್ಞೂಂ," ಎಂದಿತು ಒಳಗಿನಿಂದ.

ನಾನು ಬಾಗಿಲಿಗೆ ಕಿವಿ ಹಚ್ಚಿದೆ.

"ಅತ್ತೆ," ಎಂದಳು ಹರಿಣಿ. "ಎಷ್ಟು ಕೆಟ್ಟದಾಗಿ ಕಥೆ ಹೇಳ್ತೀರ ನೀವು. ಸಾಕು. ಎರಡು ಸಾಲು ಹೇಳಿ."

ಹೇಳಿದೆ. ಅವಳು ತನ್ನದನ್ನು ಹೇಳಿದಳು. ನಿಧಾನವಾಗಿ, ನಡುನಡುವೆ ಬೆಲ್ಲ ಜಗಿಯುತ್ತ, ಒಂದೂ ಬಿಡದೆ. ಕೊನೆಯ "ನಾ" ಬರುತ್ತಿದ್ದಂತೆ ಕದ ಸರಿಯಿತು. ಅವಳು ಗೋಡೆಗೆ ಒರಗಿ ಕೂತಿದ್ದಳು. ಜಡೆ, ಕೆನ್ನೆ, ಲಂಗ ಎಲ್ಲ ಅಂಟಂಟು. ನೆಲದ ಮೇಲೆ ಆಗಲೇ ಇರುವೆ ಸಾಲು ಹೊರಟಿತ್ತು. ಮೀಟರು ನೋಡಿದರೆ ಅರವತ್ತೆಂಟು. ಅದಕ್ಕೂ ಮೊದಲು ಎಷ್ಟಿತ್ತೆಂದು ನಾವು ಯಾರೂ ಲೆಕ್ಕ ಹಾಕಲು ಹೋಗಲಿಲ್ಲ. ಬೀದಿಯಲ್ಲಿ ಬಿದ್ದಿದ್ದ ಕ್ಯಾರಿಯರನ್ನು ಹೊನ್ನಮ್ಮ ತಂದಳು. ತಣ್ಣಗಾಗಿದ್ದ ಮುದ್ದೆಯನ್ನು ಹರಿಣಿ ನನ್ನ ಕೈಯಿಂದಲೇ ತಿಂದಳು. ಅರ್ಧ ತಿಂದ ಮೇಲೆ ಕೇಳಿದಳು: "ಹನ್ನೆರಡಕ್ಕೆ ಬರ್ತೀನಿ ಅಂದಿದ್ರಿ."

"ಹ್ಞೂಂ," ಎಂದೆ.

ಸಂಜೆ ವಾಮನ, ಶ್ಯಾಮಲೆ ಬಂದರು. ಬೀದಿಯ ತುದಿಯಲ್ಲೇ ಯಾರೋ ಎಲ್ಲ ಹೇಳಿಬಿಟ್ಟಿದ್ದರು. ಶ್ಯಾಮಲೆ ಮಗಳ ಮೈಯೆಲ್ಲ ತಡವಿ ನೋಡಿ, "ಐದೇ ಯೂನಿಟ್. ನಾಳೆಯಿಂದ ಐದೇ. ಇನ್ನೂರೈವತ್ತೇ ಇರಲಿ, ಮುನ್ನೂರೇ ಇರಲಿ, ನನ್ನ ಮಗಳು ಇರಲಿ," ಎಂದಳು.

"ಆಗಲ್ಲಮ್ಮ," ಎಂದಳು ಹರಿಣಿ. "ಔಷಧಿ ಸರಿಯಾಗೇ ಇತ್ತು. ಊಟ ಬರಲಿಲ್ಲ."

ಹುಡುಗಿ ನನ್ನ ಕಡೆ ನೋಡಿರಲಿಲ್ಲ. ಬೇಕೆಂದೇ ನೋಡಿರಲಿಲ್ಲ ಎಂದು ನನಗೆ ಗೊತ್ತಾಯಿತು.

"ನಾನು ಪದ್ಯ ಕೇಳ್ತಾ ಕೂತೆ," ಎಂದೆ. "ಹೊತ್ತಾಯಿತು ಅಂತ ಗೊತ್ತಿತ್ತು. ಏಳಲಿಲ್ಲ. ಅವಳು ತೊದಲಿದಾಗಲೂ ತಪ್ಪು ತಿದ್ದುತ್ತಾ ನಿಂತೆ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ ವಾಮನ."

ವಾಮನ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಎದ್ದುಹೋಗಿ ಅಟ್ಟದ ಮೇಲಿಂದ ಬೆಲ್ಲದ ಡಬ್ಬಿ ಇಳಿಸಿದ. ನಡುಮನೆಯ ಗೋಡೆಗೆ, ನೆಲದಲ್ಲಿ ಬಿದ್ದವರ ಕೈಗೂ ಎಟುಕುವಷ್ಟು ಕೆಳಗೆ, ಒಂದು ಸಣ್ಣ ಹಲಗೆ ಹೊಡೆದು ಅದರ ಮೇಲೆ ಇಟ್ಟ. ಇನ್ನೊಂದು ಹಲಗೆ ಬಾಗಿಲಿನ ಒಳಬದಿಗೆ, ಮತ್ತೊಂದು ಬಚ್ಚಲಿಗೆ. ಸುತ್ತಿಗೆಯ ಸದ್ದು ಕೇಳಿ ಕೆಂಚಪ್ಪ ಜಗಲಿಯಿಂದ, "ನನ್ನ ಜಗಲಿಗೂ ಒಂದು ಹೊಡಿಯಪ್ಪ, ನನ್ನ ನಾಲಿಗೆಗೂ ಬೇಕಾಗುತ್ತೆ," ಎಂದ. ಒಳಗಿನಿಂದ ಹೊನ್ನಮ್ಮ ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಯೂನಿಟ್ಟಿನ ಮಾತನ್ನು ಶ್ಯಾಮಲೆ ಮತ್ತೆ ಎತ್ತಲಿಲ್ಲ.

ಎರಡು ದಿನ ನಾನು ಮಂಟಪಕ್ಕೆ ಹೋಗಲಿಲ್ಲ. ಮೂರನೆಯ ದಿನ ಹರಿಣಿಯೇ, "ಹೋಗಿ ಅತ್ತೆ, ನಿಮ್ಮ ಮುಖ ನೋಡೋಕಾಗ್ತಿಲ್ಲ," ಎಂದು ಕಳಿಸಿದಳು. ಶಾಲೆಗೆ ರಜ, ವಾಮನ ದಂಪತಿಗೆ ಮತ್ತೆ ಪರವೂರಿನ ಕೆಲಸ. ಊಟ ಕ್ಯಾರಿಯರಿಗೆ ಹಾಕಿಕೊಂಡು ಹೋದೆ, ತೊಡೆಗೆ ಒತ್ತಿ ಇಟ್ಟುಕೊಂಡೆ. ಗುರುಶಾಂತಯ್ಯನವರು ಓದಿದರು. ಹೊಳೆಯ ಮೇಲೆ ಮಂಜು. ಮಂಜಿನೊಳಗೆ ಹುಟ್ಟು ಹಾಕುವ ಸದ್ದು. ರಾಣಿ ಕಿವಿಗೊಟ್ಟಳು. ಮಂಟಪಕ್ಕೆ ಮಂಟಪವೇ ಮುಂದಕ್ಕೆ ಬಾಗಿತು. ಪದ್ಯ ಮೂರನೆಯ ಸಾಲಿಗೆ ಬಂದಿತ್ತು. ದೋಣಿಯ ಮೂತಿ ಮಂಜಿನಿಂದ ಹೊರಗೆ ಬರುತ್ತಿತ್ತು.

ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಕ್ಯಾರಿಯರಿನ್ನೂ ಬಿಸಿಯಿತ್ತು.

ಎದ್ದೆ.

ಬತ್ತಿಯ ಬುಟ್ಟಿ ಉರುಳಿತು. ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಗುರುಶಾಂತಯ್ಯನವರ ದನಿ ಒಂದು ಮಾತ್ರೆ ತಡವರಿಸಿತು. ನನ್ನಿಂದಾಗಿ ಅವರು ತಪ್ಪಿದ್ದು ಅದೇ ಮೊದಲು. ನಾನು ಕಂಬವನ್ನು ಬಳಸಿಕೊಂಡು ಮೆಟ್ಟಿಲಿಳಿದೆ. ಪದ್ಯ ನನ್ನ ಬೆನ್ನ ಹಿಂದೆ ಮುಗಿಯಿತು. ಎರಡು ಬೀದಿಯನ್ನು ಅಂದು ಓಡಿದೆ.

"ಬಿಸಿಲ ದಾರಿಯ ನಡೆದು ಬಂದೆನು," ಎನ್ನುತ್ತಿದ್ದಂತೆ, "ನೂರ ಹದಿನೆಂಟು!" ಎಂದು ಹರಿಣಿ ಒಳಗಿನಿಂದ ಕೂಗಿದಳು. ನನ್ನ ಎರಡನೆಯ ಸಾಲು ಮುಗಿದ ಮೇಲೆ ತನ್ನ ಸಾಲು ಹೇಳಿದಳು.

ಆ ಸಂಜೆ ನನ್ನ ಮನೆಯ ಬಾಗಿಲಿಗೆ ಮೂರು ಸಾಲು ಹೇಳಿದೆ. ತೆರೆಯಲಿಲ್ಲ. ಬೀದಿಯವರು ನೋಡುತ್ತಿದ್ದರು. ಮತ್ತೊಂದು ಸಲ ಹೇಳಿದೆ. ಆಗ, ಯೋಚಿಸಿದಂತೆ ಸ್ವಲ್ಪ ತಡೆದು, ಸರಿಯಿತು. ಅಂದಿನಿಂದ ನನ್ನ ಬಾಗಿಲು ನನ್ನಿಂದ ಎರಡು ಸಲ ಹೇಳಿಸಿಕೊಳ್ಳುತ್ತದೆ. ಹೇಳುತ್ತೇನೆ. ಹರಿಣಿ ಒಬ್ಬಳೇ ಇರುವ ದಿನವೆಲ್ಲ ಮಂಟಪದಿಂದ ಹನ್ನೊಂದು ಮುಕ್ಕಾಲಿಗೆ ಏಳುತ್ತೇನೆ. ನಾನು ಎದ್ದಾಗ ಈಗ ಯಾರೂ ತಲೆ ತಿರುಗಿಸುವುದಿಲ್ಲ.

ನಾನು ಓಡಿಬಂದ ಆ ಮಧ್ಯಾಹ್ನ ಮುದ್ದೆ ಮುರಿಯುತ್ತ ಹರಿಣಿ ಕೇಳಿದ್ದಳು: "ಅತ್ತೆ, ದೋಣಿ ಬಂತಾ?"

"ಗೊತ್ತಿಲ್ಲ ಕಣೇ. ಎದ್ದು ಬಂದೆ."

ಅವಳು ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು.

"ಉಣ್ಣು," ಎಂದೆ. "ಬಿಸಿಯಿದೆ."